ಹೂಂರಾಯರ ಸೂಜಿಸಿಳ್ಳೆ

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಟೋಪಿ.

ಹಸಿರು ಬಟ್ಟೆಯ ಟೋಪಿ. ಬಿಸಿಲು ತಾಗದಿರಲಿ ಅಂತ ಹಿಂದಕ್ಕೂ ಎರಡು ಪಕ್ಕಕ್ಕೂ ಬಟ್ಟೆ ಇಳಿಬಿಟ್ಟಿದ್ದರು. ಹಾಕಿಕೊಂಡರೆ ಕಿವಿ, ಕತ್ತು ಎಲ್ಲ ಮುಚ್ಚಿಹೋಗಿ ಮುಖವೊಂದು ಮಾತ್ರ ಹೊರಗೆ. ಗಲ್ಲದ ಕೆಳಗೆ ಕಟ್ಟಿಕೊಳ್ಳಲು ದಾರ ಬೇರೆ. ಬೆಳಗ್ಗೆ ಐದೂವರೆಗೆ, ದ್ವೀಪದ ವಸತಿಗೃಹದ ಮೆಟ್ಟಿಲ ಮೇಲೆ ಕೂತು ನಾದಿನಿ ಚೀಲದಿಂದ ಅಂಥವು ಎರಡು ತೆಗೆದಳು. ಒಂದನ್ನು ತಾನು ಹಾಕಿಕೊಂಡು ಇನ್ನೊಂದನ್ನು ಭಾವನ ಕೈಗಿಟ್ಟಳು.

"ಅಕ್ಕನ ಬೀರೂನಲ್ಲಿತ್ತು ಭಾವ. ಎರಡೂ ಹೊಸದು. ಅಂಗಡಿ ಚೀಟಿ ಕೂಡ ಕಿತ್ತಿಲ್ಲ."

"ಇದ್ಯಾವಾಗ ತಗೊಂಡ್ಲು ಅವಳು?"

"ಯಾವಾಗ್ಲೋ," ಎಂದು ನಾದಿನಿ ಶೂ ದಾರ ಕಟ್ಟಲು ಬಗ್ಗಿದಳು. ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಹೂಂರಾಯರು ಟೋಪಿ ಹಾಕಿಕೊಂಡು ದಾರವನ್ನು ಸಡಿಲವಾಗಿ ಕಟ್ಟಿಕೊಂಡರು. ಕಿವಿ ಮುಚ್ಚಿಕೊಂಡಿತಲ್ಲ ಅಂತ ಅವರಿಗೆ ಒಳಗೊಳಗೇ ಖುಷಿಯಾಯಿತು. ಯಾಕೆಂದರೆ ಎಂಟು ತಿಂಗಳಿಂದ ಅವರ ಬಲಗಿವಿಯಲ್ಲಿ ಒಂದು ಮಿಷನ್ ಕೂತಿತ್ತು. ಅದು ನಾಲ್ಕು ಜನರ ಕಣ್ಣಿಗೆ ಬೀಳುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

ಹೂಂರಾಯರು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟಿದ್ದು. ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದವರು ಅವರು. ಬೆಳಗಿಂದ ಸಂಜೆಯವರೆಗೆ ತಲೆಯ ಪಕ್ಕದಲ್ಲೇ ಬೆಲ್ಟು, ಕಲ್ಲು ಗಡಗಡ ತಿರುಗುತ್ತಿದ್ದರೆ ಕಿವಿ ಎಷ್ಟು ದಿನ ತಡೆದೀತು ಹೇಳಿ? "ನುಣ್ಣಗೆ ಬೀಸಿ" ಅಂದರೂ ಹೂಂ, "ತರಿತರಿಯಾಗಿರಲಿ" ಅಂದರೂ ಹೂಂ. ಕೊನೆಗೆ ಎಲ್ಲರಿಗೂ ಸಿಗುತ್ತಿದ್ದದ್ದು ಒಂದೇ ಹದ. ಕಿವಿ ಮಂದವಾಗಿದೆ ಅಂತ ಒಪ್ಪಿಕೊಳ್ಳಲು ಅವರಿಗೆ ನಾಲಿಗೆ ಬರುತ್ತಿರಲಿಲ್ಲ. "ಏನಂದ್ರಿ?" ಅಂತ ಎರಡನೇ ಸಲ ಕೇಳುವುದು ಅವರ ಪಾಲಿಗೆ ಮಾನ ಹೋಗುವ ವಿಷಯ. ಹೂಂ ಅಂದುಬಿಟ್ಟರೆ ಎದುರಿನವರಿಗೂ ಸಮಾಧಾನ, ತಮಗೂ ಬಿಡುಗಡೆ. ಮನೆಯಲ್ಲೂ ಇದೇ ರಾಗ. ಹೆಂಡತಿ ಏನೋ ಹೇಳುತ್ತಿದ್ದರು, ಇವರು ಹೂಂ ಅನ್ನುತ್ತಿದ್ದರು. ಅದರಲ್ಲಿ ಅರ್ಧ ಕೇಳಿಸಿದ್ದು, ಅರ್ಧ ಊಹೆ. ಅರ್ಧಕ್ಕಿಂತ ಹೆಚ್ಚೇ ಊಹೆ ಅನ್ನಿ.

ಹೋದ ವರ್ಷ ಹೆಂಡತಿ ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಹೂಂರಾಯರು ತಾವಾಗಿಯೇ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದರು. ಮಾತಾಡುವವಳು ಮನೆಯಲ್ಲಿದ್ದಾಗ ಹಾಕಿಸಿಕೊಳ್ಳದೆ, ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಲು ಹಾಕಿಸಿಕೊಂಡ ಮನುಷ್ಯನಿಗೆ ಏನನ್ನಬೇಕೋ ನೀವೇ ಹೇಳಿ. ಡಾಕ್ಟರು ಅರ್ಧ ಗಂಟೆ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದ್ದರು: ಯಾವ ಸದ್ದು ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ, ಏನು ಮಾಡಬೇಕು, ಏನು ಮಾಡಬಾರದು ಅಂತ. ಹೂಂರಾಯರು ಪ್ರತಿಯೊಂದಕ್ಕೂ ಹೂಂ ಅಂದರು. ಮಿಷನ್ ಆಗ ಇನ್ನೂ ಡಾಕ್ಟರ ಕೈಯಲ್ಲೇ ಇತ್ತು.

ಅದನ್ನು ಕಿವಿಗೆ ಹಾಕಿಕೊಂಡು ಮನೆಗೆ ಬಂದ ದಿನ ಅವರು ಹೆಂಡತಿಯ ಫೋಟೋದ ಮುಂದೆ ನಿಂತು ಒಂದು ಮಾತು ಕೊಟ್ಟರು. ಇನ್ನು ಮೇಲೆ ಕೇಳಿಸದೆ ಹೂಂ ಅನ್ನಲ್ಲ. ಅಂದಿನಿಂದ ಇಂದಿನವರೆಗೆ ಆ ಮಾತು ಉಳಿಸಿಕೊಂಡೂ ಇದ್ದರು.

ಹೆಂಡತಿಗೆ ಹಕ್ಕಿ ಹುಚ್ಚು. ಗಿರಣಿಯ ಅಂಗಳದಲ್ಲಿ ಚೆಲ್ಲಿದ ಕಾಳಿಗೆ ಹಕ್ಕಿಗಳು ಬರುತ್ತಿದ್ದವು. ಇವರು ಪೊರಕೆ ಹಿಡಿದು ಹುಶ್ ಅಂತ ಓಡಿಸುವುದು, ಆಕೆ ಕಿಟಕಿಯಲ್ಲಿ ಕೂತು ಲೆಕ್ಕ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಆಕೆಯ ಬೀರು ಖಾಲಿ ಮಾಡುವಾಗ ಆ ನೋಟ್‌ಬುಕ್ಕು ಸಿಕ್ಕಿತು. ಕೊನೆಯ ಪುಟದಲ್ಲಿ ಯಾವುದೋ ಪುಸ್ತಕ ನೋಡಿ ಇಳಿಸಿಕೊಂಡ ಒಂದು ಪಟ್ಟಿ. 'ಈ ದ್ವೀಪ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು' ಅಂತ ತಲೆಬರಹ, ಅದರ ಕೆಳಗೆ ಹನ್ನೊಂದು ಹೆಸರು. ಹತ್ತರ ಮುಂದೆ ಏನೂ ಇಲ್ಲ. ಹನ್ನೊಂದನೆಯದು ಸೂಜಿಸಿಳ್ಳೆ. ಅದರ ಮುಂದೆ ಮಾತ್ರ, ಮೂರು ವರ್ಷದ ಹಿಂದಿನ ತಾರೀಖು ಹಾಕಿ, ಒಂದೇ ಒಂದು ಪದ: ಕೇಳಿದೆ.

ರೇಡಿಯೋದಲ್ಲೋ ಎಲ್ಲೋ ಕೇಳಿರಬೇಕು ಅಂದುಕೊಂಡರು ಹೂಂರಾಯರು. ಆವತ್ತು ತಾವೂ ಅದೇ ಕೋಣೆಯಲ್ಲಿ ಇದ್ದಿರಬಹುದು, "ಕೇಳಿಸ್ತಾ?" ಅಂತ ಆಕೆ ಖುಷಿಯಿಂದ ಇವರತ್ತ ತಿರುಗಿರಬಹುದು, ಇವರು ಹೂಂ ಅಂದಿರಬಹುದು. ಅದನ್ನು ನೆನೆಸಿಕೊಂಡಾಗಲೆಲ್ಲ ಅವರು ಆ ಪುಟವನ್ನು ಮತ್ತೆ ತೆರೆದು ನೋಡುತ್ತಿದ್ದರು. ಅವಳು ಕೇಳಿದ ಆ ಹಕ್ಕಿಯ ದನಿಯನ್ನು ತಾನು ಒಂದೇ ಒಂದು ಸಲ ನಿಜವಾಗಿ ಕೇಳಬೇಕು. ಅಷ್ಟೇ ಅವರ ಆಸೆ. ಅದಕ್ಕಾಗಿಯೇ ನಾದಿನಿಯನ್ನು ಕರೆದುಕೊಂಡು, ದೋಣಿಯಲ್ಲಿ ಆರು ಗಂಟೆ ವಾಂತಿ ಮಾಡಿಕೊಂಡು ಇಲ್ಲಿಗೆ ಬಂದಿದ್ದರು.

ವ್ಯಾನು ಕಾಡಿನ ಅಂಚಿಗೆ ಬಂದು ನಿಂತಿತು. ಇಳಿದವರು ಐದು ಜನ. ಭಾವ, ನಾದಿನಿ, ಗೈಡಮ್ಮ, ಒಬ್ಬ ದಂತವೈದ್ಯರು, ಒಬ್ಬರು ನಿವೃತ್ತ ಹೆಡ್‌ಮೇಡಂ. ದಂತವೈದ್ಯರ ಕ್ಯಾಮೆರಾ ಎಷ್ಟು ದೊಡ್ಡದೆಂದರೆ ಅದನ್ನವರು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಹೆಡ್‌ಮೇಡಂ ಕೊರಳಲ್ಲಿ ದುರ್ಬೀನು, ಪೆನ್ಸಿಲ್ಲು, ರಬ್ಬರು ಮೂರೂ ದಾರದಲ್ಲಿ ನೇತಾಡುತ್ತಿದ್ದವು. ನಿವೃತ್ತರಾಗಿ ಆರು ವರ್ಷವಾದರೂ ಎದುರಿಗೆ ನಾಲ್ಕು ಜನ ಸಾಲಾಗಿ ನಿಂತರೆ ಹಾಜರಿ ತೆಗೆದುಕೊಳ್ಳುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ.

ಗೈಡಮ್ಮ ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟರು. ಹನ್ನೊಂದು ಹೆಸರು, ಮುಂದೆ ಎರಡು ಮನೆ: 'ನೋಡಿದೆ', 'ಕೇಳಿದೆ'. ಆಮೇಲೆ ಏನೇನೋ ಹೇಳಿದರು. ಈ ಹಕ್ಕಿ ತೋರಿಸುವ ಕಸುಬು ಇದೆಯಲ್ಲ, ಅದು ಬೆಳಗಿಂದ ಸಂಜೆಯವರೆಗೆ ಪಿಸುಮಾತಿನಲ್ಲೇ ನಡೆಯುವಂಥದ್ದು. ಹೂಂರಾಯರಿಗೆ ಗೈಡಮ್ಮನ ತುಟಿ ಅಲ್ಲಾಡುವುದು ಬಿಟ್ಟು ಏನೂ ತಿಳಿಯಲಿಲ್ಲ. ಹೂಂ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿಕೊಂಡರು. ನಾದಿನಿ ಕಿವಿಯ ಹತ್ತಿರ ಬಂದು ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು.

"ಸೂಜಿಸಿಳ್ಳೆ ಕಣ್ಣಿಗೆ ಬೀಳೋದೇ ಇಲ್ವಂತೆ ಭಾವ. ಕೇಳಿಸಿದ್ರೆ ಸಾಕಂತೆ, ಗುರುತು ಹಾಕ್ಬಹುದಂತೆ. ಇವರಿಗೇ ಕೇಳಿಸಿ ನಾಲ್ಕು ವರ್ಷ ಆಯ್ತಂತೆ."

"ರೇಡಿಯೋದಲ್ಲಿ ಬರುತ್ತಲ್ಲ?"

ಗೈಡಮ್ಮ ತಲೆಯಾಡಿಸಿ ಸ್ವಲ್ಪ ದನಿ ಎತ್ತಿದರು. "ಇಲ್ಲ ಸರ್. ಯಾರೂ ಸರಿಯಾಗಿ ರೆಕಾರ್ಡ್ ಮಾಡಿಲ್ಲ ಅದನ್ನ. ಕೇಳಬೇಕು ಅಂದ್ರೆ ಇಲ್ಲಿಗೇ ಬರಬೇಕು."

"ನಮ್ಮ ಮನೆಯವಳು ಊರಲ್ಲೇ ಕೇಳಿದ್ಲಲ್ಲ ಮತ್ತೆ? ಬರೆದಿಟ್ಟಿದ್ದಾಳೆ."

ನಾದಿನಿ "ಹೊರಡೋಣ ಬನ್ನಿ, ಬಿಸಿಲು ಏರುತ್ತೆ," ಎಂದು ಸರಸರ ಮುಂದೆ ನಡೆದಳು.

ಮೊದಲ ಒಂದು ಗಂಟೆ ಎಲ್ಲ ಸುಸೂತ್ರ. ಕೆಂಪು ಎದೆಯ ಪಾರಿವಾಳವೊಂದು ಕಂಡಿತು, ಒಂದು ಗಿಣಿ ಕಂಡಿತು. ದಂತವೈದ್ಯರ ಕ್ಯಾಮೆರಾ ಪಟಪಟ ಹೊಡೆದುಕೊಂಡಿತು. ಕಾಲುದಾರಿ ಇಳಿಜಾರಾದಲ್ಲಿ ಗಾಳಿ ಬೀಸಿತು. ಟೋಪಿ ಹಾರೀತು ಅಂತ ಹೂಂರಾಯರು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರು.

ಗೈಡಮ್ಮ ನಿಂತಲ್ಲೇ ನಿಂತರು. ಕೈ ಮೇಲೆತ್ತಿದರು. ಹೆಡ್‌ಮೇಡಂ ಉಸಿರು ಹಿಡಿದರು. ದಂತವೈದ್ಯರ ಬಾಯಿ ಅವರ ರೋಗಿಗಳ ಬಾಯಿಯ ಹಾಗೆ ತೆರೆದುಕೊಂಡಿತು. ಸೂಜಿಯಷ್ಟು ಸಣ್ಣ, ಸೂಜಿಯಷ್ಟು ಚೂಪಾದ ಒಂದು ಸಿಳ್ಳೆ ಗಿಡಗಳ ನಡುವೆ ಎಲ್ಲಿಂದಲೋ ಬರುತ್ತಿತ್ತು.

"ಅದೇ!" ಗೈಡಮ್ಮನ ಪಿಸುಮಾತು ನಡುಗಿತು. "ಸೂಜಿಸಿಳ್ಳೆ!"

ಏನೋ ಆಗುತ್ತಿದೆ ಅಂತ ಹೂಂರಾಯರಿಗೂ ಗೊತ್ತಾಯಿತು. ಟೋಪಿಯಿಂದ ಕೈ ತೆಗೆದು ಕತ್ತು ಚಾಚಿದರು. ಸಿಳ್ಳೆ ನಿಂತುಹೋಯಿತು.

"ಕೇಳಿಸ್ತಾ ರಾಯರೇ?" ಎಂದರು ಹೆಡ್‌ಮೇಡಂ.

ಹೂಂ. ಎಷ್ಟು ಸುಲಭ. ಎಲ್ಲರೂ ನಗುತ್ತಿದ್ದರು, ಇವರೂ ನಕ್ಕುಬಿಡಬಹುದಿತ್ತು. ಆದರೆ ಫೋಟೋದ ಮುಂದೆ ಕೊಟ್ಟ ಮಾತು ಅಡ್ಡ ಬಂತು.

"ಇಲ್ಲ ಮೇಡಂ," ಎಂದರು ಹೂಂರಾಯರು. "ನಂಗೆ ಕೇಳಿಸ್ಲಿಲ್ಲ."

"ಅಯ್ಯೋ, ನಿಮ್ಮ ಪಕ್ಕದಲ್ಲೇ ಕೂಗ್ತಲ್ರೀ!"

ಕರುಣೆ ಅನ್ನುವುದು ಕೆಲವು ಸಲ ಕಾಟವಾಗುತ್ತದೆ. ಇನ್ನು ಮುಂದೆ ಹೂಂರಾಯರಿಗೆ ಹಕ್ಕಿ ಕೇಳಿಸಿಯೇ ತೀರಬೇಕು ಅಂತ ನಾಲ್ವರೂ ಟೊಂಕ ಕಟ್ಟಿದರು. ಅವರನ್ನು ಸಾಲಿನ ಮುಂದಕ್ಕೆ ದೂಡಿದರು. ಒಂದು ಮರದ ಬುಡಕ್ಕೆ ಕಿವಿ ಒತ್ತಿ ನಿಲ್ಲಿಸಿದರು. ಸಿಳ್ಳೆ ಬಂತು. ಎಲ್ಲರಿಗೂ ಕೇಳಿಸಿತು, ಇವರಿಗೆ ಇಲ್ಲ. "ಹೀಗೆ ಕೈ ಅಡ್ಡ ಇಟ್ಕೊಳ್ಳಿ, ದನಿ ಒಟ್ಟಾಗುತ್ತೆ," ಎಂದು ಹೆಡ್‌ಮೇಡಂ ಅವರ ಬಲಗಿವಿಗೆ, ಟೋಪಿಯ ಮೇಲಿಂದಲೇ, ತಮ್ಮ ಎರಡೂ ಅಂಗೈ ಬೊಗಸೆ ಮಾಡಿ ಇಟ್ಟರು. ಸಿಳ್ಳೆ ಇನ್ನೂ ಜೋರಾಗಿ ಬಂತು.

"ಈ ಹಕ್ಕೀಗೆ ನಿಮ್ಮ ಮೇಲೇ ಪ್ರೀತಿ ಯಜಮಾನ್ರೇ," ಎಂದರು ದಂತವೈದ್ಯರು. "ನೀವು ಹೋದಲ್ಲೆಲ್ಲ ಬರ್ತಿದೆ."

"ನಂಗೊಬ್ಬನಿಗೆ ಬಿಟ್ಟು," ಎಂದರು ಹೂಂರಾಯರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಟೋಪಿಯ ಅಂಚು ಮುಚ್ಚಿತು.

ಅಷ್ಟರಲ್ಲಿ ದಂತವೈದ್ಯರು ಹಕ್ಕಿಯನ್ನು ಕಂಡೂಬಿಟ್ಟರು. ಕಂದು ಬಣ್ಣ, ಸಣ್ಣ ಬಾಲ, ಎಲೆಯ ಹಿಂದೆ. ಫೋಟೋದಲ್ಲಿ ಎಲೆ ಬಹಳ ಸ್ಪಷ್ಟವಾಗಿ ಬಂದಿತ್ತು. ಅವರು ಕಾರ್ಡಿನಲ್ಲಿ 'ಕೇಳಿದೆ' ಜೊತೆಗೆ 'ನೋಡಿದೆ'ಗೂ ಗುರುತು ಹಾಕಿಕೊಂಡರು. ಗೈಡಮ್ಮ ಫೋನು ತೆಗೆದು ದ್ವೀಪದ ಆಚೆ ತುದಿಯಲ್ಲಿದ್ದ ಇನ್ನೊಂದು ತಂಡಕ್ಕೆ ಸುದ್ದಿ ಮುಟ್ಟಿಸಿದರು. "ಬೇಗ ಬನ್ನಿ ಸರ್, ಮೂರು ಸಲ ಕೂಗಿದೆ!"

ಹೂಂರಾಯರಿಗೆ ಯಾರ ಮುಖವೂ ನೋಡುವುದು ಬೇಡವಾಗಿತ್ತು. ಜೊತೆಗೆ ಬೆಳಗಿನ ಎರಡು ಲೋಟ ಚಹಾ ಕೂಡ ತನ್ನ ಕೆಲಸ ಶುರು ಮಾಡಿತ್ತು. ಇನ್ನರ್ಧ ಗಂಟೆ ಹೇಗೋ ತಡೆದುಕೊಂಡು, ಆಮೇಲೆ ಯಾರಿಗೂ ಹೇಳದೆ ದಾರಿಯಿಂದ ಇಳಿದು ದಟ್ಟ ಪೊದೆಯೊಂದರ ಹಿಂದೆ ಹೋದರು. ಕೊಂಬೆ ತಾಗೀತು ಅಂತ ತಲೆ ಬಗ್ಗಿಸಿ, ತಲೆಯ ಬಲಪಕ್ಕವನ್ನು ಹೆಗಲಿಗೆ ಒತ್ತಿ ನಿಂತರು. ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಬಂದರೆ, ಎದುರಿಗೆ ಅರ್ಧಚಂದ್ರಾಕಾರದಲ್ಲಿ ಹದಿನೈದು ಜನ ಮಂಡಿಯೂರಿ ಕೂತಿದ್ದರು. ಹದಿನಾಲ್ಕು ದುರ್ಬೀನು, ಒಂದು ಕ್ಯಾಮೆರಾ, ಎಲ್ಲವೂ ಇವರ ಕಡೆಗೇ. ಇನ್ನೊಂದು ವ್ಯಾನು ಆಗಲೇ ಬಂದುಬಿಟ್ಟಿತ್ತು.

"ಓಡಿಸ್ಬಿಟ್ರಲ್ಲ ರಾಯರೇ!" ಹೆಡ್‌ಮೇಡಂ ಹಣೆ ಹಣೆ ಚಚ್ಚಿಕೊಂಡರು. "ಈ ಪೊದೆಯೊಳಗೇ ಕೂಗ್ತಿತ್ತು!"

"ಈ ಪೊದೆಯೊಳಗೆ ನಾನಿದ್ದೆ ಮೇಡಂ."

"ಅದನ್ನೇ ಹೇಳಿದ್ದು! ಅದು ಇರೋ ಜಾಗ ಬಿಟ್ಟು ನಿಮಗೆ ಬೇರೆ ಜಾಗ ಸಿಗ್ಲಿಲ್ವೇ?"

ಎರಡನೇ ತಂಡದ ಮುಂದೆ ಬಿಳಿಗಡ್ಡದ ಹಿರಿಯರೊಬ್ಬರಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಅವರು ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು ಬಂದು ಹೂಂರಾಯರ ಕೈ ಹಿಡಿದುಕೊಂಡರು. ನಾಟಕದ ಸಂಘಗಳಲ್ಲಿ ಪಳಗಿದಂಥ ದೊಡ್ಡ ಗಂಟಲು ಅವರದ್ದು, ಹೂಂರಾಯರಿಗೆ ಒಂದೊಂದು ಅಕ್ಷರವೂ ಕೇಳಿಸಿತು.

"ಹತ್ತೊಂಬತ್ತು ವರ್ಷದಿಂದ ಬರ್ತಿದ್ದೀನಿ ಕಣಪ್ಪಾ, ಪ್ರತಿ ವರ್ಷ. ಇವತ್ತು ಕೇಳಿಸ್ತು. ಇನ್ನು ಸತ್ರೂ ಚಿಂತೆಯಿಲ್ಲ." ಅವರ ಗಡ್ಡ ಪೂರ್ತಿ ಒದ್ದೆಯಾಗಿತ್ತು.

ಮಧ್ಯಾಹ್ನ ಬಯಲಿನಂಥ ಜಾಗದಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಸಂತೋಷದಲ್ಲಿ ಪಿಸುಮಾತೆಲ್ಲ ಮರೆತುಹೋಗಿ ಗಲಗಲ ಮಾತು. ಹೂಂರಾಯರು ಟೋಪಿ ತೆಗೆದಿಟ್ಟು ಒಂದು ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅರ್ಧ ಗಂಟೆಯಾದರೂ ಹಕ್ಕಿ ಕೂಗಲಿಲ್ಲ.

"ಬಿಸಿಲಲ್ಲಿ ಬರಿ ತಲೇಲಿ ಕೂತಿದ್ದೀರಲ್ಲ ಭಾವ," ಎಂದು ನಾದಿನಿ ಟೋಪಿ ಎತ್ತಿ ಅವರ ತಲೆಗಿಟ್ಟು, ಕಿವಿಯ ಮೇಲೆ ಬಟ್ಟೆ ಎಳೆದು ಅಂಗೈಯಿಂದ ಒತ್ತಿ ಸರಿ ಮಾಡಿದಳು.

ಹಕ್ಕಿ ಕೂಗಿತು.

ಬಯಲಿನಲ್ಲಿದ್ದವರೆಲ್ಲ ಬುತ್ತಿ ಬಿಟ್ಟು ಎದ್ದು ನಿಂತರು. ನಾದಿನಿ ಬಟ್ಟೆ ಮೇಲೆತ್ತಿದಳು. ಹಕ್ಕಿ ಸುಮ್ಮನಾಯಿತು. ಇಳಿಸಿ ಒತ್ತಿದಳು. ಕೂಗಿತು. ಭಾವನ ಹತ್ತಿರ ಬಗ್ಗಿ ಏನೋ ಉಸುರಿದಳು.

"ಆಂ?" ಎಂದರು ಹೂಂರಾಯರು.

ಇನ್ನೊಮ್ಮೆ ಉಸುರಿದಳು.

"ಜೋರಾಗಿ ಹೇಳಮ್ಮ, ಕೇಳಿಸ್ತಿಲ್ಲ."

ಜೋರಾಗಿ ಹೇಳುವ ಮಾತೇ ಅದು? ನಾದಿನಿ ಅವರ ಚೀಲದಿಂದ ಅಕ್ಕನ ನೋಟ್‌ಬುಕ್ಕು ತೆಗೆದು, ಒಂದು ಖಾಲಿ ಹಾಳೆಯಲ್ಲಿ ಬರೆದು ತೋರಿಸಿದಳು: 'ಭಾವ, ಅದು ಹಕ್ಕಿ ಅಲ್ಲ. ನಿಮ್ಮ ಕಿವಿ ಮಿಷನ್ನು. ಒತ್ತಿ ಮುಚ್ಚಿದ್ರೆ ಸಿಳ್ಳೆ ಹೊಡೀತಿದೆ.'

ಹೂಂರಾಯರು ಅದನ್ನು ಎರಡು ಸಲ ಓದಿದರು. ಡಾಕ್ಟರು ಅರ್ಧ ಗಂಟೆ ಹೇಳಿದ್ದು ಏನಿರಬಹುದು ಅಂತ ಆಗ ಅವರಿಗೆ ಹೊಳೆಯಿತು. ಸುತ್ತ ನೋಡಿದರು. ಬಿಳಿಗಡ್ಡದವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಮುಖದಲ್ಲಿ ನಗು. ಗೈಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು.

ನಾದಿನಿ ತಲೆಯಾಡಿಸಿ, ಬೇಡ, ಸುಮ್ಮನಿದ್ದುಬಿಡಿ ಅಂತ ಸನ್ನೆ ಮಾಡಿದಳು. ಅವಳು ಹೇಳಿದ್ದೂ ತಪ್ಪಲ್ಲ. ಟೋಪಿ ತೆಗೆದಿಟ್ಟರೆ ಮುಗಿಯಿತು, ಹದಿನೈದು ಜನ ಸುಖವಾಗಿ ಮನೆಗೆ ಹೋಗುತ್ತಿದ್ದರು. ಆದರೆ ಇದೂ ಒಂದು ಹೂಂ ಅಲ್ಲವೇ? ಕೇಳಿಸದಿದ್ದದ್ದನ್ನು ಕೇಳಿಸಿತು ಅಂದುಕೊಂಡು ಬದುಕುವುದರ ರುಚಿ ಹೂಂರಾಯರಿಗೆ ಗೊತ್ತಿದ್ದಷ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಎದ್ದು ನಿಂತು ಟೋಪಿ ತೆಗೆದರು. ಮಿಷನ್ ಕಿತ್ತು ಅಂಗೈಯಲ್ಲಿಟ್ಟು ಬೊಗಸೆ ಮುಚ್ಚಿ ಮುಂದಕ್ಕೆ ಚಾಚಿದರು. ಬೊಗಸೆಯೊಳಗಿಂದ ಸೂಜಿಸಿಳ್ಳೆ ಕೂಗಿತು.

"ಇದೇ ನೋಡಿ ನಿಮ್ಮ ಹಕ್ಕಿ," ಎಂದರು. "ಎಲ್ರೂ ನನ್ನ ಕ್ಷಮಿಸ್ಬೇಕು. ನಂಗೂ ಈಗಷ್ಟೇ ಗೊತ್ತಾಗಿದ್ದು."

ಆಮೇಲೆ ಯಾರು ಏನಂದರೋ ಅವರಿಗೆ ತಿಳಿಯಲಿಲ್ಲ, ಮಿಷನ್ ಕೈಯಲ್ಲಿತ್ತಲ್ಲ. ತಿಳಿಯದಿದ್ದದ್ದೇ ಒಳ್ಳೆಯದಾಯಿತು. ದಂತವೈದ್ಯರು ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದರು. "ಮತ್ತೆ ನೀವು ನೋಡಿದ್ದೇನು?" ಎಂದು ಯಾರೋ ಕೇಳಿರಬೇಕು, ತಟ್ಟನೆ ಕ್ಯಾಮೆರಾ ಒರೆಸತೊಡಗಿದರು. ಹೆಡ್‌ಮೇಡಂ ಕೊರಳಿನ ರಬ್ಬರು ಬಿಚ್ಚಿ ತಮ್ಮ ಕಾರ್ಡು ಉಜ್ಜಿದರು. ಆ ರಬ್ಬರು ಕೈಯಿಂದ ಕೈಗೆ ಹೋಯಿತು. ಬಿಳಿಗಡ್ಡದವರು ತಮ್ಮ ಸರದಿ ಬಂದಾಗ ಮಾತಿಲ್ಲದೆ ಉಜ್ಜಿ, ಕಾರ್ಡಿನ ಮೇಲಿನ ಪುಡಿಯನ್ನು ಊದಿ, ಹೂಂರಾಯರ ಹೆಗಲ ಮೇಲೊಮ್ಮೆ ಕೈಯಿಟ್ಟು ವ್ಯಾನಿನ ಕಡೆ ನಡೆದರು. ಅವರು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಅವರ ತಂಡವೂ ಅವರ ಹಿಂದೆಯೇ ಹೋಯಿತು.

ಹೆಡ್‌ಮೇಡಂ ಬಂದು ಅಂಗೈ ಚಾಚಿದರು. ಅರ್ಥವಾಯಿತು. ಹೂಂರಾಯರು ಮಿಷನ್ನಿನ ಬಟಾಣಿಗಿಂತ ಚಿಕ್ಕ ಸೆಲ್ಲು ತೆಗೆದು ಆ ಅಂಗೈಗೆ ಹಾಕಿದರು. ಹೆಡ್‌ಮೇಡಂ ಮುಷ್ಟಿ ಮುಚ್ಚಿಕೊಂಡರು. ಖಾಲಿ ಮಿಷನ್ ಇವರ ಜೇಬು ಸೇರಿತು.

ಉಳಿದ ಮಧ್ಯಾಹ್ನವೆಲ್ಲ ಹೂಂರಾಯರು ಕಿವಿಗೆ ಅರಳೆ ಇಟ್ಟುಕೊಂಡಂಥ ಲೋಕದಲ್ಲಿ, ಎಲ್ಲರಿಗಿಂತ ಹಿಂದೆ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆದರು. ಯಾರೂ ತಿರುಗಿ ನೋಡಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ದಾರಿ ಮುಗಿಯುತ್ತಾ ಬಂದು, ದೂರದಲ್ಲಿ ವ್ಯಾನಿನ ಬಿಳಿ ಬೆನ್ನು ಕಂಡಿತು.

ಅಷ್ಟರಲ್ಲಿ ಮುಂದಿನವರು ಗಕ್ಕನೆ ನಿಂತರು. ನಾಲ್ವರೂ ಒಟ್ಟಿಗೆ ತಿರುಗಿ ಇವರನ್ನು ದುರುಗುಟ್ಟಿ ನೋಡಿದರು. ದಂತವೈದ್ಯರ ಬಾಯಿ ಆಡಿತು. 'ಸಾಕು ನಿಲ್ಸ್ರೀ' ಅನ್ನುತ್ತಿದ್ದಾರೆ ಅಂತ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ಹೂಂರಾಯರು ಗಾಬರಿಯಿಂದ ಜೇಬಿನ ಮಿಷನ್ ತೆಗೆದು, ಬಾಯಿ ತೆರೆದ ಅದರ ಖಾಲಿ ಹೊಟ್ಟೆಯನ್ನು ತೋರಿಸಿದರು. ಹೆಡ್‌ಮೇಡಂ ತಮ್ಮ ಮುಷ್ಟಿ ಬಿಚ್ಚಿದರು. ಸೆಲ್ಲು ಅವರ ಅಂಗೈಯಲ್ಲೇ ಇತ್ತು.

ನಾಲ್ಕು ಮುಖಗಳೂ ಒಂದೇ ಕ್ಷಣದಲ್ಲಿ ಬದಲಾದದ್ದನ್ನು ಹೂಂರಾಯರು ನೋಡಿದರು. ಸಿಟ್ಟು ಇಳಿಯಿತು. ಕಣ್ಣುಗಳು ದೊಡ್ಡದಾದವು. ಗೈಡಮ್ಮನ ಕೆನ್ನೆಯ ಮೇಲೆ ನೀರು ಹರಿಯಿತು, ಅವರು ಒರೆಸಿಕೊಳ್ಳಲಿಲ್ಲ. ದಂತವೈದ್ಯರು ಕ್ಯಾಮೆರಾವನ್ನು ಮರೆತೇಬಿಟ್ಟರು. ನಾದಿನಿ ಮಾತ್ರ ದನಿ ಬಂದ ಕಡೆ ನೋಡದೆ ಭಾವನತ್ತ ನೋಡುತ್ತಿದ್ದಳು.

ಹೂಂರಾಯರು ಓಡಿಬಂದು ಹೆಡ್‌ಮೇಡಂ ಕೈಯಿಂದ ಸೆಲ್ಲು ಕಿತ್ತುಕೊಂಡರು. ಅವಸರದಲ್ಲಿ ಅದು ಕೆಳಗೆ ಬಿತ್ತು. ಹೆಡ್‌ಮೇಡಂ ತರಗೆಲೆಯಲ್ಲಿ ಮಂಡಿಯೂರಿ ಕೂತು ಹುಡುಕಿದರು. ಅವರೇ ಮಿಷನ್ನಿಗೆ ಹಾಕಿ, ಅವರೇ ಇವರ ಕಿವಿಗೆ ತುರುಕಿದರು. ಕಾಡಿನ ಸದ್ದು ಒಮ್ಮೆಲೇ ಒಳಗೆ ನುಗ್ಗಿತು: ಎಲೆಯ ಸರಸರ, ಯಾರದ್ದೋ ಉಸಿರು, ದೂರದ ವ್ಯಾನಿನ ಬಾಗಿಲು. ಹೂಂರಾಯರು ಕಣ್ಣು ಮುಚ್ಚಿ ಮೈಯೆಲ್ಲ ಕಿವಿಯಾಗಿ ನಿಂತರು. ಎದುರಿನ ಮರದಿಂದ ಸೂಜಿಸಿಳ್ಳೆ ಇನ್ನೂ ಐದು ಸಲ ಕೂಗಿತಂತೆ. ಸೂಜಿಯಷ್ಟು ಸಣ್ಣ ದನಿಗೆ ಅವರ ಕಿವಿಯ ಬಾಗಿಲು ಗಿರಣಿಯಲ್ಲಿದ್ದಾಗಲೇ ಮುಚ್ಚಿಹೋಗಿತ್ತು. ಅದನ್ನು ತೆಗೆಯುವುದು ಯಾವ ಮಿಷನ್ನಿನ ಕೈಯಲ್ಲೂ ಇರಲಿಲ್ಲ. ಡಾಕ್ಟರು ಅದನ್ನೂ ಹೇಳಿದ್ದರು.

"ಕೇಳಿಸ್ತಾ ರಾಯರೇ?" ಹೆಡ್‌ಮೇಡಂ ದನಿ ಈಗ ಮೇಡಂ ದನಿಯಾಗಿರಲಿಲ್ಲ. "ಈಗಲಾದ್ರೂ ಕೇಳಿಸ್ತಾ?"

ಹೂಂರಾಯರು ಕಣ್ಣು ಬಿಟ್ಟರು. ಮೂರು ಮುಖಗಳು ಆಸೆಯಿಂದ ಇವರನ್ನೇ ನೋಡುತ್ತಿದ್ದವು. ಬೆಳಗಿಂದ ಇವರಿಂದಾಗಿ ಪಡಬಾರದ್ದು ಪಟ್ಟವರು. ಹೆಡ್‌ಮೇಡಂ ಸೀರೆಯ ಮಂಡಿಯ ಮೇಲೆ ಮಣ್ಣು.

"ಹೂಂ," ಎಂದರು ಹೂಂರಾಯರು.

ದಂತವೈದ್ಯರು ಅವರನ್ನು ತಬ್ಬಿಕೊಂಡರು. ಹೆಡ್‌ಮೇಡಂ ತಾವೇ ಪೆನ್ಸಿಲ್ಲು ತೆಗೆದು ಇವರ ಕಾರ್ಡಿನಲ್ಲಿ, ಸೂಜಿಸಿಳ್ಳೆಯ ಮುಂದೆ, 'ಕೇಳಿದೆ' ಅನ್ನುವ ಮನೆಯಲ್ಲಿ ದಪ್ಪಗೆ ಗುರುತು ಹಾಕಿಕೊಟ್ಟರು. "ಆ ಹಿರಿಯರೊಬ್ಬರು ಇರಬೇಕಿತ್ತು," ಎಂದರು ಗೈಡಮ್ಮ. ಬಿಳಿಗಡ್ಡದವರ ದೋಣಿ ಅಷ್ಟು ಹೊತ್ತಿಗೆ ದಡ ಬಿಟ್ಟಾಗಿತ್ತು.

ವ್ಯಾನಿನ ಹಿಂದಿನ ಸೀಟಿನಲ್ಲಿ ಭಾವ ನಾದಿನಿ ಇಬ್ಬರೇ. ಸ್ವಲ್ಪ ದೂರ ಹೋದ ಮೇಲೆ ಹೂಂರಾಯರು ಹೇಳಿದರು, "ಸುಳ್ಳು ಹೇಳ್ದೆ ಕಣಮ್ಮ. ನಂಗೆ ಕೇಳಿಸ್ಲಿಲ್ಲ. ಅವಳಿಗೆ ಕೇಳಿಸಿದ್ದು ನಂಗೆ ಕೇಳಿಸ್ಲೇ ಇಲ್ಲ."

ಅವರು ಅಳುತ್ತಿದ್ದರು. ನಾದಿನಿಗೆ ತಡೆಯಲಾಗಲಿಲ್ಲ. ಸಮಾಧಾನಕ್ಕೆ ಅಂತಲೇ ಬಾಯಿಬಿಟ್ಟಳು.

"ಅಕ್ಕಂಗೂ ಕೇಳಿಸಿರ್ಲಿಲ್ಲ ಭಾವ."

"ಮತ್ತೆ? ಕೇಳಿದೆ ಅಂತ ಬರೆದಿದ್ದಾಳಲ್ಲ ಕೈಯಾರೆ?"

ನಾದಿನಿ ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಇವರ ಕಡೆ ತಿರುಗಿ, ಕೇಳಿಸಲಿ ಅಂತ ನಿಧಾನವಾಗಿ, ಬಿಡಿಸಿ ಹೇಳಿದಳು.

"ಅದು ಹಕ್ಕೀನ ಕೇಳಿದ್ದಲ್ಲ ಭಾವ. ನಿಮ್ಮನ್ನ ಕೇಳಿದ್ದು."

ಹೂಂರಾಯರು ಚೀಲದಿಂದ ನೋಟ್‌ಬುಕ್ಕು ತೆಗೆದು ಕೊನೆಯ ಪುಟ ಬಿಚ್ಚಿದರು.

"ಅವತ್ತು ಸಂಜೆ ನಂಗೆ ಫೋನ್ ಮಾಡಿದ್ಲು. 'ಆ ಸೂಜಿಸಿಳ್ಳೆ ಕೇಳೋಕೆ ದ್ವೀಪಕ್ಕೆ ಕರ್ಕೊಂಡು ಹೋಗ್ತೀರಾ ಅಂತ ಇವತ್ತು ಧೈರ್ಯ ಮಾಡಿ ಇವರನ್ನ ಕೇಳೇಬಿಟ್ಟೆ ಕಣೇ. ಹೂಂ ಅಂದ್ರು!' ಅಂತ. ಎಷ್ಟು ಕುಣಿದ್ಲು ಗೊತ್ತಾ? ಮಾರನೇ ದಿನವೇ ಹೋಗಿ ಎರಡು ಟೋಪಿ ತಂದ್ಲು."

"ಇನ್ನೊಂದ್ಸಲ... ಇನ್ನೊಂದ್ಸಲ ಯಾಕೆ ಕೇಳ್ಲಿಲ್ಲ?"

"ನಾನೂ ಅದನ್ನೇ ಹೇಳ್ದೆ. 'ಹೂಂ ಅಂದಿದ್ದಾರಲ್ಲ, ಅವರಿಗೇ ನೆನಪಿರುತ್ತೆ ಬಿಡು. ಪದೇ ಪದೇ ಕೇಳಿದ್ರೆ ನಂಬಿಕೆ ಇಲ್ಲ ಅಂದ್ಕೋತಾರೆ' ಅಂದ್ಲು."

ವ್ಯಾನು ಗುಂಡಿಯೊಂದರಲ್ಲಿ ಇಳಿದು ಹತ್ತಿತು. ಹೂಂರಾಯರು ಮಡಿಲಲ್ಲಿದ್ದ ಟೋಪಿಯನ್ನು ಬಹಳ ಹೊತ್ತು ಸವರುತ್ತಾ ಕೂತರು. ಒಳಮಗ್ಗುಲಲ್ಲಿ ಅಂಗಡಿಯ ಚೀಟಿ ಇನ್ನೂ ಇತ್ತು. ಅದನ್ನು ಕೀಳಲು ಹೋಗಿ, ಬಿಟ್ಟರು. ಟೋಪಿಯನ್ನು ತಲೆಗೆ ಹಾಕಿ, ಬಟ್ಟೆಯನ್ನು ಕಿವಿಯ ಮೇಲೆ ಪೂರ್ತಿ ಎಳೆದುಕೊಂಡು, ಕಿವಿಗೆ ಒತ್ತುವ ಹಾಗೆ ಗಲ್ಲದ ಕೆಳಗೆ ದಾರ ಬಿಗಿದರು.

ಮುಂದಿನ ಸೀಟಿನಿಂದ ಹೆಡ್‌ಮೇಡಂ ತಿರುಗಿ ಏನೋ ಅಂದರು. ಇಂಜಿನ್ ಸದ್ದಿನಲ್ಲಿ ತಿಳಿಯಲಿಲ್ಲ.

"ಏನಂದ್ರಿ ಮೇಡಂ?" ಎಂದರು ಹೂಂರಾಯರು. "ಇನ್ನೊಂದ್ಸಲ ಹೇಳಿ."

"ಸಿಳ್ಳೆ ಹೊಡೀತಿದೆ ರಾಯರೇ! ಟೋಪಿ ತೆಗೀರಿ ಅಂದೆ!"

ಈ ಸಲ ಸರಿಯಾಗಿ ಕೇಳಿಸಿತು. ಆದರೂ ಅವರು ಹೂಂ ಅನ್ನಲಿಲ್ಲ.

"ಇಲ್ಲ ಮೇಡಂ," ಎಂದರು. "ಇದೊಂದು ತೆಗೆಯೋಕಾಗಲ್ಲ."

ದೋಣಿಕಟ್ಟೆ ಮುಟ್ಟುವವರೆಗೂ ಸಿಳ್ಳೆ ನಿಲ್ಲಲಿಲ್ಲ. ದಂತವೈದ್ಯರು ಕಿವಿ ಮುಚ್ಚಿಕೊಂಡರು, ಡ್ರೈವರು ಎರಡು ಸಲ ವ್ಯಾನು ನಿಲ್ಲಿಸಿ ಚಕ್ರ ನೋಡಿ ಬಂದ. ಅಷ್ಟು ಜನರಲ್ಲಿ ಅದು ಕೇಳಿಸದೆ ಇದ್ದವರು ಹೂಂರಾಯರು ಒಬ್ಬರೇ.